ಕೈ ಮುಟ್ಟದ ಸೋಡಾ

"ಮಲ್ಕ್ಯಾ, ಏನ್ ಬರದೀದಿ, ಜರಾ ಓದಿ ಹೇಳು."

ಏಣಿಯ ಮೇಲಿದ್ದ ಮಲ್ಕಪ್ಪನ ಕುಂಚ ಇದ್ದಲ್ಲಿಯೇ ನಿಂತಿತು. ಕೆಳಗೆ ಅವನ ಅವ್ವ ಚಂದಮ್ಮ, ಪಕ್ಕದ ಮನೆಯ ಅಂಬುಬಾಯಿಯನ್ನೂ ಕರೆದುಕೊಂಡು ಬಂದು ಕತ್ತು ಮೇಲೆತ್ತಿ ನಿಂತಿದ್ದಳು. ಆಳಂದದ ಮೋಟಾರ್ ಸ್ಟ್ಯಾಂಡಿನ ಎದುರಿನ ಗೋಡೆ ಅದು. ಸುಣ್ಣ ಬಳಿದು, ಹಸಿರು ಗಿಳಿಯೊಂದನ್ನು ಬರೆದು, ಅದರ ಕೊಕ್ಕಿನ ಮುಂದೆ ಗೇಣುದ್ದದ ಕೆಂಪು ಅಕ್ಷರಗಳನ್ನು ಇಳಿಸಿ ಮುಗಿಸುವಷ್ಟರಲ್ಲಿ ಅವಳು ಬಂದಿದ್ದಳು. ಇಷ್ಟು ವರ್ಷ ಮಗನ ಗೋಡೆ ನೋಡಲು ಒಮ್ಮೆಯೂ ಬಂದವಳಲ್ಲ. ಬಂದರೆ ಇವತ್ತೇ ಬರಬೇಕೇ ಎಂದು ಮಲ್ಕಪ್ಪನ ಜೀವ ಬಾಯಿಗೆ ಬಂತು.

ಗೋಡೆಯ ಮೇಲಿದ್ದದ್ದು ಇಷ್ಟು: "ಗಿಳಿ ಛಾಪ ಸೋಡಾ. ಯಂತ್ರ ತೊಳೆದದ್ದು, ಯಂತ್ರ ತುಂಬಿದ್ದು. ಮನುಷ್ಯರ ಕೈ ಮುಟ್ಟಿಲ್ಲ."

ಮುಟ್ಟಿದ ಕೈ ಕೆಳಗೇ ನಿಂತಿತ್ತು, ಕಣ್ಣಿಗೆ ಬಿಸಿಲು ಬೀಳದ ಹಾಗೆ ಹಣೆಗೆ ಅಡ್ಡ ಹಿಡಿದುಕೊಂಡು.

ದೌಲತರಾಯ ಸಾವುಕಾರನ ಸೋಡಾ ಕಾರ್ಖಾನೆ ಎಂದರೆ ಎರಡು ಕೋಣೆ, ಒಂದು ಬಾವಿ, ಮತ್ತು ಸೊಲ್ಲಾಪುರದಿಂದ ಗಾಡಿಯಲ್ಲಿ ತಂದ ಒಂದು ಯಂತ್ರ. ಆ ಯಂತ್ರವನ್ನೂ ಕೈಯಿಂದಲೇ ತಿರುಗಿಸಬೇಕು. ಅದು ನೀರಿಗೆ ಗ್ಯಾಸು ತುಂಬುತ್ತಿತ್ತೇ ಹೊರತು ಬಾಟಲಿ ತೊಳೆಯುತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಬಾಟಲಿ ತೊಳೆಯುತ್ತಿದ್ದವಳು ಚಂದಮ್ಮ. ಹಿತ್ತಿಲ ಬಾಗಿಲಿನಿಂದ ಬರುವಳು, ಬೂದಿ ಮತ್ತು ಪುಂಡಿ ನಾರು ಹಿಡಿದು ಕುಳಿತರೆ ಹೊತ್ತು ಇಳಿಯುವ ತನಕ ತಿಕ್ಕುವಳು. ಊರೆಲ್ಲ ಬಾಯಿ ಹಚ್ಚಿ ಕುಡಿದ ಬಾಟಲಿ ಎಂದರೆ ಊರೆಲ್ಲರ ಎಂಜಲು. ಅದನ್ನು ತೊಳೆಯಲು ಊರೊಳಗಿನ ಯಾವ ಹೆಂಗಸು ಬಂದಾಳು? ಊರ ಹೊರಗಿನ ಕೇರಿಯವಳೇ ಆಗಬೇಕು. ಒಡಕು ಬಾಟಲಿ ಎಷ್ಟೋ ಸಲ ಅವಳ ಕೈಯಲ್ಲೇ ಒಡೆದು, ಎಡಗೈಯ ಎರಡು ಬೆರಳು ಈಗ ನೆಟ್ಟಗಾಗುವುದಿಲ್ಲ. ತೊಳೆದದ್ದರ ಮೇಲೆ ಒಳಗಿನ ಆಳು ಒಂದು ತಂಬಿಗೆ ಬಾವಿಯ ನೀರು ಸುರಿದರೆ ಮೈಲಿಗೆ ಹೋಯಿತೆಂದು ಎಲ್ಲರೂ ಒಪ್ಪಿಕೊಂಡಿದ್ದರು. ಇದೆಲ್ಲ ಊರಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೇ ಕುಡಿಯುತ್ತಿದ್ದರು, ತೇಗುತ್ತಿದ್ದರು. ಬಾಯಿ ಬಿಟ್ಟು ಯಾರೂ ಹೇಳದಿದ್ದರೆ ಮೈಲಿಗೆಯೂ ಸುಮ್ಮನಿರುತ್ತದೆ.

ಮಲ್ಕಪ್ಪ ಸೊಲ್ಲಾಪುರದ ಗಿರಣಿಯಲ್ಲಿ ನಾಲ್ಕು ವರ್ಷ ದುಡಿದು, ಅಲ್ಲಿ ಬೋರ್ಡು ಬರೆಯುವವನೊಬ್ಬನ ಬೆನ್ನು ಹತ್ತಿ ಅಕ್ಷರವನ್ನೂ ಬಣ್ಣವನ್ನೂ ಕಲಿತು ಬಂದಿದ್ದ. ಸೋಡಾಕ್ಕೆ ಮಾತು ಹೊಸೆಯುವ ಕೆಲಸವೂ ಅವನಿಗೇ ಬಿತ್ತು. ಮೊದಲ ವರ್ಷ ಬರೆದದ್ದು, "ಹೊಟ್ಟೆ ಉಬ್ಬರ, ಹುಳಿ ತೇಗು, ಅತ್ತೆ ಸೊಸೆ ಜಗಳ, ಎಲ್ಲಕ್ಕೂ ಗಿಳಿ ಛಾಪ". ಒಬ್ಬ ಸೊಸೆ ಎರಡು ಬಾಟಲಿ ಒಯ್ದು ಅತ್ತೆಗೆ ಕುಡಿಸಿ, ಜಗಳ ಇನ್ನೂ ಜೋರಾಯಿತೆಂದು ಖಾಲಿ ಬಾಟಲಿ ಹಿಡಿದು ಬಂದು ಸಾವುಕಾರನ ಮುಂದೆ ಕುಳಿತಳಂತೆ. ಆಮೇಲೆ "ಒಂದು ಗುಟುಕು ಕುಡಿ, ಎರಡು ಹರದಾರಿ ನಡಿ" ಎಂದು ಬರೆದ. ಅದನ್ನು ನಂಬಿ ನರೋಣಾದ ತನಕ ನಡೆದವನು ತಿರುಗಿ ಬಂದು ಕಾಲು ತೋರಿಸಿದ. ಯುದ್ಧ ಶುರುವಾದ ಮೇಲೆ "ಜರ್ಮನಿಯ ಬಾಂಬಿಗಿಂತ ದೊಡ್ಡ ಸಪ್ಪಳ" ಎಂದದ್ದನ್ನು, ಸರ್ಕಾರದವರು ಕೇಳಿದರೆ ಏನು ಗತಿ ಎಂದು ಸಾವುಕಾರನೇ ಹೆದರಿ ಒಂದೇ ದಿನದಲ್ಲಿ ಸುಣ್ಣ ಹೊಡೆಸಿದ. ಊರು ನಗುತ್ತಿತ್ತು. ನಗುತ್ತ ಕುಡಿಯುತ್ತಿತ್ತು. ಓದು ಬಾರದವರೂ ಮಲ್ಕಪ್ಪನ ಮಾತುಗಳನ್ನು ಬಾಯಿಪಾಠ ಹೇಳುತ್ತಿದ್ದರು, ಅದನ್ನು ಕೇಳಿ ಅವನು ಒಳಗೊಳಗೇ ಎರಡು ಅಂಗುಲ ಎತ್ತರವಾಗುತ್ತಿದ್ದ.

ಈ ಬೇಸಿಗೆಯಲ್ಲಿ ಮಾತ್ರ ನಗೆ ಹೋಗಿ ಹೊಗೆ ಎದ್ದಿತು. ಯಾವುದೋ ಹಳ್ಳಿಯ ಮದುವೆಯಲ್ಲಿ ಬೀಗರೊಬ್ಬರು ಬಾಟಲಿಯನ್ನು ಕೈಯಲ್ಲಿ ಹಿಡಿದು, ಇದನ್ನು ತೊಳೆಯುವವರು ಯಾರು ಎಂದು ಪಂಕ್ತಿಯ ನಡುವೆ ಕೇಳಿಬಿಟ್ಟರು. ಹೇಳುವವರು ಉಪ್ಪು ಖಾರ ಹಚ್ಚಿ ಹೇಳಿದರು. ಗಾಡಿಯಲ್ಲಿ ಹೋದ ಸೋಡಾ, ಬಾಟಲಿ ಬಾಯಿಯ ಗೋಲಿ ಸಹ ಒತ್ತದೆ, ಹಾಗೇ ತಿರುಗಿ ಬಂತು. ದೌಲತರಾಯ ಮಲ್ಕಪ್ಪನನ್ನು ಕರೆಸಿದ.

"ಮಂದಿ ಬಾಯಿ ಮುಚ್ಚೂವಂಥಾದ್ದು ಒಂದ್ ಮಾತು ಹುಡುಕಲೇ."

"ಏನಂತ ಬರೀಲ್ರಿ ಸಾವುಕಾರ್ರ?"

"ನನಗ ಗೊತ್ತಿದ್ರ ನಿನ್ನ ಯಾಕ ಕರೀತಿದ್ದೆ? ತೊಳಿಯೋರು ಯಾರು ಅಂತ ಯಾರೂ ಕೇಳಬಾರ್ದು, ಅಷ್ಟ ನೋಡು. ನಿಮ್ಮವ್ವನ ಕೆಲಸಾನೂ ಉಳೀಬೇಕಲ್ಲ."

ಸಾವುಕಾರ ಹೇಳಿದ್ದು ಅಷ್ಟೇ. ಉಳಿದದ್ದನ್ನು ಮಲ್ಕಪ್ಪ ತಾನೇ ಹೇಳಿದ. ನೆಲ ನೋಡುತ್ತ, "ಯಂತ್ರ ತೊಳದದ ಅಂದುಬಿಡೂನ್ರಿ. ಮನುಷ್ಯರ ಕೈನ ಮುಟ್ಟಿಲ್ಲ ಅಂದ್ರ, ಯಾರ ಕೈ ಅಂತ ಯಾರ್ ಕೇಳ್ತಾರ್ರಿ?" ಎಂದ. ದೌಲತರಾಯ ತೊಡೆ ತಟ್ಟಿಕೊಂಡು, "ನಿನ್ನ ನಾಲಿಗಿ ಮ್ಯಾಲ ಸರಸ್ವತಿ ಕುಂತಾಳಲೇ" ಎಂದು ನಕ್ಕ. ಅವನಿಗೊಂದು ಸೋಡಾ ಕೊಡಲು ಆಳಿಗೆ ಹೇಳಿದ. ಆಳು ಗೋಲಿ ಒತ್ತಿ, ಬಾಟಲಿಯನ್ನು ಮೇಲೆತ್ತಿ ಹಿಡಿದು ಸುರಿದ. ಮಲ್ಕಪ್ಪ ಬಾಗಿ ಬೊಗಸೆಯೊಡ್ಡಿ ಕುಡಿದ. ಮೂಗಿಗೆ ಏರಿದ ಗ್ಯಾಸಿನಿಂದ ಕಣ್ಣಲ್ಲಿ ನೀರು ಬಂತು, ಆದರೂ ತಂಪೆನಿಸಿತು.

ಆಗ ಅವನಿಗೆ ಅವ್ವನ ನೆನಪು ಬರಲಿಲ್ಲವೆಂದಲ್ಲ. ಬಂದಿತ್ತು. ಅವಳಿಗೆ ಎಲ್ಲಿ ಓದಲು ಬರುತ್ತದೆ ಎಂದು ಅದರ ಬೆನ್ನಿಗೇ ಇನ್ನೊಂದು ಯೋಚನೆಯೂ ಬಂದಿತ್ತು. ಮುಂದೆ ಬದುಕಿರುವ ತನಕ ಅವನನ್ನು ಚುಚ್ಚಿದ್ದು ಗೋಡೆಯ ಮಾತಲ್ಲ, ಈ ಯೋಚನೆ.

"ಓದಲೇ, ಬಾಯಾಗ ಏನ್ ಹಿಡಕೊಂಡೀದಿ?" ಎಂದು ಅಂಬುಬಾಯಿ ಕೆಳಗಿನಿಂದ ಕೂಗಿದಳು.

ಮಲ್ಕಪ್ಪ ಗೋಡೆಯ ಕಡೆ ತಿರುಗಿದ. ಅಕ್ಷರಗಳು ಇನ್ನೂ ಹಸಿಯಾಗಿ ಹೊಳೆಯುತ್ತಿದ್ದವು. "ಗಿಳಿ ಛಾಪ ಸೋಡಾ," ಎಂದು ಓದಿದ. "ತೊಳೆದ ಕೈ ತಣ್ಣಗಿರಲಿ, ಕುಡಿದ ಹೊಟ್ಟಿ ತಣ್ಣಗಿರಲಿ."

ಕೆಳಗಿನಿಂದ ಚಂದಮ್ಮ ಮೆಲ್ಲಗೆ, "ನನ್ನ ಕೈ ಸುದ್ದಿ ಬರದಿಯೇನೋ ಯಪ್ಪಾ?" ಎಂದಳು. "ಎಲ್ಲಿ ಅದ ಅದು? ಕೈ ಅಂತ ಬರದದ್ದು ಎಲ್ಲಿ ಅದ ತೋರ್ಸು."

ಆ ಒಂದು ಅಕ್ಷರವಾದರೂ ಗೋಡೆಯ ಮೇಲೆ ಇತ್ತು. ಮಲ್ಕಪ್ಪ ಏಣಿಯಿಂದ ಇಳಿದು, ಕೊನೆಯ ಸಾಲಿನ "ಕೈ" ಮೇಲೆ ಕುಂಚದ ಹಿಡಿಯಿಟ್ಟು ತೋರಿಸಿದ. ಚಂದಮ್ಮ ಹತ್ತಿರ ಬಂದು, ಅದರ ಸುತ್ತು, ತಲೆ, ಬಾಲ ಎಲ್ಲವನ್ನೂ ಹುಡುಕುವವಳ ಹಾಗೆ ನೋಡಿದಳು. ಬಣ್ಣ ಹಸಿಯಿದೆಯೆಂದು ಮುಟ್ಟಲಿಲ್ಲ. ಎಲ್ಲರ ಎದುರಿಗೆ ಮಗನ ತಲೆ ಸವರಿ, ನೆಟಿಗೆ ಮುರಿದು ದೃಷ್ಟಿ ತೆಗೆದಳು. ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎಂದುಕೊಂಡ ಮಲ್ಕಪ್ಪ. ಆದರೆ ನೆಲಕ್ಕೆ ಅಂಥ ಅವಸರ ಯಾವತ್ತೂ ಇರುವುದಿಲ್ಲ.

ಸಂತೆಯ ದಿನ ಅವನು ಮೋಟಾರ್ ಸ್ಟ್ಯಾಂಡಿನ ನಾಗಣ್ಣನ ಚಹಾದಂಗಡಿಯ ಪಕ್ಕಕ್ಕೆ ಕುಳಿತು ತಗಡಿನ ಬೋರ್ಡೊಂದಕ್ಕೆ ಬಣ್ಣ ಹಚ್ಚುತ್ತಿದ್ದ. ಗಿಳಿಯ ಗೋಡೆ ಎದುರಿಗೇ ಕಾಣುತ್ತಿತ್ತು. ಚಂದಮ್ಮ ಬಂದಳು. ಈ ಸಲ ಅಂಬುಬಾಯಿಯ ಜೊತೆಗೆ ಕೇರಿಯ ಆರೇಳು ಹೆಂಗಸರಿದ್ದರು, ತಲೆಯ ಮೇಲೆ ಸಂತೆಯ ಬುಟ್ಟಿ. ಚಂದಮ್ಮ ಮುಂದೆ ಹೋಗಿ, ಕೊನೆಯ ಸಾಲಿನಲ್ಲಿ ಬೆರಳಾಡಿಸಿ, ಹುಡುಕಿ, ಸರಿಯಾದ ಅಕ್ಷರದ ಮೇಲೆಯೇ ಬೆರಳಿಟ್ಟಳು. ಅದು ಎಡಗೈಯ ನೆಟ್ಟಗಾಗದ ಬೆರಳು.

"ಇದು ನೋಡ್ರಿ, ಕೈ ಅಂತ ಅದ ಇಲ್ಲಿ. ನನ್ನ ಮಗ ಬರದಾನ. ತೊಳೆದ ಕೈ ತಣ್ಣಗಿರಲಿ, ಕುಡಿದ ಹೊಟ್ಟಿ ತಣ್ಣಗಿರಲಿ."

ನಾಗಣ್ಣನ ಅಂಗಡಿಯಲ್ಲಿ ಬಸ್ಸಿಗೆ ಕಾದು ಕುಳಿತವರಲ್ಲಿ ಓದು ಬಲ್ಲವರು ನಾಲ್ಕೈದು ಜನರಿದ್ದರು. ಒಬ್ಬ ಬಸಿಯಲ್ಲಿಯ ಚಹಾ ಚೆಲ್ಲುವ ಹಾಗೆ ನಕ್ಕ. ಚಂದಮ್ಮ ಅದು ಮೆಚ್ಚಿದ ನಗೆಯೆಂದು ತಿಳಿದು ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದಳು. ನಗೆ ಹೆಚ್ಚಾಯಿತು. ಮಲ್ಕಪ್ಪ ನಿಲ್ಲಿಸಿಟ್ಟಿದ್ದ ತಗಡಿನ ಹಿಂದೆ ತಲೆ ತಗ್ಗಿಸಿದ.

ನಾಗಣ್ಣ ಕೆಟ್ಟವನೇನಲ್ಲ. ನಗುವವರನ್ನು ಕಂಡು ಅವನಿಗೆ ತಡೆಯಲಾಗಲಿಲ್ಲ, ಅಷ್ಟೇ. "ಏ ಚಂದಮ್ಮ, ಅಲ್ಲಿ ಹಂಗ ಬರದಿಲ್ಲಬೇ," ಎಂದ. ಒಂದೊಂದೇ ಶಬ್ದ ಬಿಡಿಸಿ ಓದಿದ, "ಮನುಷ್ಯರ. ಕೈ. ಮುಟ್ಟಿಲ್ಲ. ಯಂತ್ರ ತೊಳೀತದಂತ, ನೀ ಅಲ್ಲಂತ."

ಚಂದಮ್ಮ ಬೆರಳು ತೆಗೆಯಲಿಲ್ಲ. "ನಾಗಣ್ಣಾರ, ಬರದಾಂವ ನನ್ನ ಮಗ. ಅಂವಾನ ಓದಿ ಹೇಳ್ಯಾನ. ಬರದಾಂವಗ ಗೊತ್ತಿರ್ತದೋ, ಚಹಾ ಕಾಸಾಂವಗ ಗೊತ್ತಿರ್ತದೋ? ನಿಮಗ ಓದಾಕ ಬರಂಗಿಲ್ಲ ಅಂದ್ರ ಬರಂಗಿಲ್ಲ ಅನ್ರಿ."

ಅಂಗಡಿಗೆ ಅಂಗಡಿಯೇ ಉರುಳಾಡಿ ನಕ್ಕಿತು. ಮುಖ ಕೆಂಪಾದ ನಾಗಣ್ಣ, "ನಿನ್ನ ಮಗ ಇಲ್ಲೇ ಕುಂತಾನ. ಅವನ್ನೇ ಕೇಳು" ಎಂದು ತಗಡನ್ನು ಪಕ್ಕಕ್ಕೆ ಸರಿಸಿಬಿಟ್ಟ.

ಎಲ್ಲರೂ ನೋಡಿದರು. ಕೇರಿಯ ಹೆಂಗಸರು ನೋಡಿದರು. ಚಂದಮ್ಮನ ಮುಖದಲ್ಲಿ ಹೆದರಿಕೆ ಒಂದಿಷ್ಟೂ ಇರಲಿಲ್ಲ. ಮಗ ಎದ್ದು ಬಂದು ಇವರ ಬಾಯಿ ಮುಚ್ಚಿಸುತ್ತಾನೆಂದು ಗಟ್ಟಿಯಾಗಿ ನಂಬಿ ನಿಂತಿದ್ದಳು. "ಹೇಳೋ ಯಪ್ಪಾ, ಇವರಿಗಿ ಓದಿ ಹೇಳು," ಎಂದಳು.

ಖರೆ ಹೇಳಿದರೆ ಅವ್ವನ ನಂಬಿಕೆ ಹೋಗುತ್ತದೆ, ಸುಳ್ಳು ಹೇಳಿದರೆ ಓದಿದವರ ಮುಂದೆ ಮಾನ ಹೋಗುತ್ತದೆ. ಮಲ್ಕಪ್ಪ ಎರಡರಲ್ಲಿ ಒಂದನ್ನೂ ಆರಿಸಲಿಲ್ಲ. ಬಣ್ಣದ ಡಬ್ಬಿಯೊಳಗೆ ಕುಂಚ ಅದ್ದಿ, ತಲೆ ಎತ್ತದೆ, "ನನಗ ಕೆಲಸ ಅದ" ಎಂದ.

ಚಂದಮ್ಮ ಮಗನನ್ನು ನೋಡಿದಳು, ಗೋಡೆಯನ್ನು ನೋಡಿದಳು, ಅಕ್ಷರದ ಮೇಲಿನ ಬೆರಳನ್ನು ತೆಗೆದು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಅಂವಗ ಕೆಲಸ ಅದ, ಬಿಡ್ರಿ. ನಡೀರಿ, ಸಂತಿ ಮುಗೀತದ" ಎಂದು ಹೆಂಗಸರನ್ನು ಮುಂದೆ ಹಾಕಿಕೊಂಡು ನಡೆದಳು. ತನ್ನನ್ನು ಮಂದಿಯೆದುರಿಗೆ ಅವಳು ಬೈದಿದ್ದರೆ, ಕೈಗೆ ಸಿಕ್ಕದ್ದು ತೆಗೆದು ಹೊಡೆದಿದ್ದರೆ ಎಷ್ಟು ಚೆನ್ನಾಗಿತ್ತೆಂದು ಮಲ್ಕಪ್ಪನಿಗೆ ಅನಿಸಿತು.

ಸಂಜೆ ಅವನು ಮನೆಗೆ ಬಂದಾಗ ಒಲೆ ಉರಿಯುತ್ತಿತ್ತು. ಚಂದಮ್ಮ ರೊಟ್ಟಿ ಬಡಿಯುತ್ತಿದ್ದಳು. ಅವನು ಕಾಲು ತೊಳೆದು ಬಂದು ಒಲೆಯ ಮುಂದೆ ಕುಳಿತ. ಏನಾದರೂ ಕೇಳುತ್ತಾಳೆಂದು ಕಾದ. ಸಂತೆಯಲ್ಲಿ ಉಳ್ಳಾಗಡ್ಡಿ ತುಟ್ಟಿಯಾಗಿದೆ ಎಂದಳು. ಅಂಬುಬಾಯಿಯ ಮೊಮ್ಮಗಳಿಗೆ ಜ್ವರ ಎಂದಳು.

"ಯವ್ವಾ," ಎಂದ ಅವನು.

"ತಿನ್ನು ಮೊದಲ. ಆರಿಹೋಗ್ತದ."

ಹಂಚಿನ ಮೇಲಿನ ರೊಟ್ಟಿ ಉಬ್ಬಿ ಬಂತು. ಅವನು ಮೂರು ವರ್ಷದವನಿದ್ದಾಗಿನಿಂದ ಅವಳು ಬಿಸಿ ರೊಟ್ಟಿಯನ್ನು ಬರಿಗೈಯಲ್ಲೇ ಎತ್ತಿ, ಎರಡು ಸಲ ಊದಿ, ಅವನ ಅಂಗೈಗೇ ಇಡುತ್ತಿದ್ದಳು. ಅವನು ಎಂದಿನಂತೆ ಕೈ ಚಾಚಿದ.

ಚಂದಮ್ಮ ಮೂಲೆಯಲ್ಲಿದ್ದ ಕಬ್ಬಿಣದ ಇಕ್ಕಳ ತೆಗೆದುಕೊಂಡಳು. ರೊಟ್ಟಿಯ ಅಂಚನ್ನು ಅದರಲ್ಲಿ ಹಿಡಿದು ಎತ್ತಿ, ಚಾಚಿದ ಕೈಯನ್ನು ದಾಟಿಸಿ, ಅವನ ಮುಂದಿನ ತಾಟಿನಲ್ಲಿ ಮೆಲ್ಲಗೆ ಇಟ್ಟಳು.