ಅಮ್ಮನ ಎಡಭುಜ

ಸ್ಟಿಯರಿಂಗ್ ಹಿಡಿದವರ ಆರಾಮವನ್ನು ಅಳೆಯುವುದೇ ಮಗಳ ಉದ್ಯೋಗ. "ಹೇಗಿದೆ?" ಎಂದು ಕೇಳಿದರೆ ಡ್ರೈವರುಗಳೆಲ್ಲ "ಪರವಾಗಿಲ್ಲ" ಎನ್ನುತ್ತಾರೆ. ಆ ಪರವಾಗಿಲ್ಲವನ್ನು ಕಟ್ಟಿಕೊಂಡು ಏನು ಮಾಡುವುದು? ಅದಕ್ಕೇ ಅವಳು ಬಾಯಿಯನ್ನು ಬಿಟ್ಟು ಭುಜವನ್ನೇ ಕೇಳುತ್ತಿದ್ದಳು. ಚರ್ಮಕ್ಕೆ ಅಂಟಿಸಿದ ಬಿಲ್ಲೆ, ಸ್ನಾಯು ಎಷ್ಟು ದುಡಿಯಿತೆಂದು ಹೇಳುತ್ತಿತ್ತು. ಮೊಣಕೈಯ ಪಟ್ಟಿ, ತೋಳು ಎಷ್ಟು ಆಡಿತೆಂದು ಹೇಳುತ್ತಿತ್ತು.

ಪರವಾಗಿಲ್ಲ ಎನ್ನುವುದರಲ್ಲಿ ಅವಳ ಅಮ್ಮನನ್ನು ಮೀರಿಸಿದವರಿಲ್ಲ. ಶಾಲಾ ವ್ಯಾನ್ ಓಡಿಸುವ ಅಮ್ಮ ಸಂಜೆಯಾದರೆ ಬಲಭುಜ ಹಿಡಿದುಕೊಂಡು ಕೂರುತ್ತಿದ್ದಳು. ಕೇಳಿದರೆ "ಏನೂ ಇಲ್ಲ ಹೋಗೇ" ಎನ್ನುತ್ತಿದ್ದಳು. ಕೊನೆಗೆ ಜಗಳವಾಡಿ ಒಂದು ಮಾತಿಗೆ ಬಂದರು: ಸ್ಟಿಯರಿಂಗ್ ತಗ್ಗಿಸಿ ನೋಡುವುದು, ಆಗಲೂ ಯಾವ ಭುಜವಾದರೂ ಒದ್ದಾಡಿದರೆ ಅಮ್ಮ ವ್ಯಾನ್ ಬಿಡುವುದು.

"ಬಿಟ್ಟು ಮನೇಲಿ ಗೋಡೆ ನೋಡ್ಕೊಂಡು ಕೂತ್ಕೊಳ್ಳಲಾ?" ಎಂದು ಗೊಣಗುತ್ತಲೇ ಅಮ್ಮ ಎರಡೂ ಭುಜಕ್ಕೆ ಬಿಲ್ಲೆ ಅಂಟಿಸಿಕೊಂಡು ಮೊಣಕೈಗೆ ಪಟ್ಟಿ ಕಟ್ಟಿಕೊಂಡಳು.

ಮಗಳ ಪ್ರಯೋಗಾಲಯದ ಹಿಂದಿನ ಅಂಗಳದಲ್ಲಿ ವ್ಯಾನ್ ಹೊರಟಿತು. ಪಕ್ಕದ ಸೀಟಿನಲ್ಲಿ ಮಗಳು, ಅವಳ ತೊಡೆಯ ಮೇಲೆ ಲ್ಯಾಪ್‌ಟಾಪ್. ತಗ್ಗಿಸಿದ ಸ್ಟಿಯರಿಂಗಿಗೆ ಬಲಭುಜ ತೆಪ್ಪಗಾಯಿತು. ಲ್ಯಾಪ್‌ಟಾಪಿನ ತೆರೆಯಲ್ಲಿ ಎಡಭುಜದ ಗೆರೆ ಮಾತ್ರ ಬ್ರೇಕ್ ಒತ್ತಿದಾಗಲೆಲ್ಲ ಭುಗಿಲ್ಲೆನ್ನುತ್ತಿತ್ತು. ವಿಚಿತ್ರವೆಂದರೆ ಪಟ್ಟಿಯ ಪ್ರಕಾರ ಆ ತೋಳು ಅಲುಗಾಡಿಯೇ ಇಲ್ಲ! ಆಡದ ತೋಳಿಗೆ ಅಷ್ಟೊಂದು ಕೆಲಸ ಎಲ್ಲಿಂದ ಬಂತು?

ಮಗಳು ಬಿಲ್ಲೆ ಬದಲಿಸಿದಳು, ವೈರು ಬದಲಿಸಿದಳು. ಊಹೂಂ, ಎಡಭುಜದ್ದು ಅದೇ ರಾಗ. ಅಮ್ಮನಿಗೆ ಏನೋ ದೊಡ್ಡ ಕಾಯಿಲೆಯೇ ಇದ್ದರೆ?

"ಯಾಕೆ ಮುಖ ಹಾಗೆ ಮಾಡ್ಕೊಂಡೆ? ಕೀ ಕಿತ್ಕೊಳ್ತೀಯಾ?" ಅಮ್ಮನ ದನಿ ಇಳಿದಿತ್ತು.

"ತಡಿಯಮ್ಮ, ಇನ್ನೊಂದ್ಸಲ ನೋಡ್ತೀನಿ."

ಲ್ಯಾಪ್‌ಟಾಪಿನ ಕರೆಂಟೇ ಅಳತೆ ಕೆಡಿಸುತ್ತಿರಬಹುದೆಂದು ಅದನ್ನೆತ್ತಿಕೊಂಡು ಹಿಂದಿನ ಸೀಟಿಗೆ ಹೋದಳು. ಬ್ರೇಕ್ ಬಿತ್ತು. ಗೆರೆ ತಣ್ಣಗೆ ಮಲಗಿತ್ತು. "ಕಳ್ಳ ಸಿಕ್ಕಿದ!" ಎಂದು ಕೂಗಿದಳು. ಖಾತ್ರಿಗೆಂದು ಲ್ಯಾಪ್‌ಟಾಪನ್ನಷ್ಟೇ ಮುಂದಿನ ಸೀಟಿಗೆ ಕಟ್ಟಿ, ತಾನು ಹಿಂದೆಯೇ ಉಳಿದಳು. ಆಗಲೂ ಗೆರೆ ತಣ್ಣಗೆ! ಅಯ್ಯೋ, ಇದೇನು ಆಟ? ಈಗ ಲ್ಯಾಪ್‌ಟಾಪನ್ನು ಹಿಂದೆ ಬಿಟ್ಟು ತಾನು ಮುಂದೆ ಬಂದು ಕೂತಳು. ಒಂದು ಸುತ್ತು ಮುಗಿಸಿ ನೋಡಿದರೆ, ಎಡಭುಜ ಮತ್ತೆ ಭುಗಿಲ್.

"ಅಮ್ಮಾ, ಬ್ರೇಕ್ ಹಾಕೋವಾಗ ಎಡಗೈಲಿ ಏನು ಮಾಡ್ತೀಯ?"

"ಏನೂ ಇಲ್ವಲ್ಲ." ಅಮ್ಮ ಯೋಚಿಸಿದಳು. "ಚಿಕ್ಕವಳಿದ್ದಾಗ ನೀನು ಮುಂದಕ್ಕೆ ಮುಗ್ಗರಿಸ್ತಿದ್ದೆ. ಕೈ ಅಡ್ಡ ಹಿಡೀಬೇಕಿತ್ತು."

"ನಂಗೀಗ ನಲವತ್ತಮ್ಮ! ಬೆಲ್ಟ್ ಬೇರೆ ಹಾಕಿದ್ದೀನಿ."

"ಅದು ನಂಗೊತ್ತು. ಕೈಗೆ ಯಾರು ಹೇಳ್ತಾರೆ?"

ಕೈ ಸ್ಟಿಯರಿಂಗ್ ಬಿಡದಿದ್ದರೂ, ಪಕ್ಕದಲ್ಲಿ ಮಗಳಿದ್ದರೆ ಸಾಕು, ಅಡ್ಡ ಹಿಡಿಯಲು ಭುಜ ಬಿಗಿಯುತ್ತಿತ್ತು. ಮಗಳಿಗೆ ನಗುವೂ ಬಂತು, ಅಳುವೂ ಬಂತು. "ಕಾಯಿಲೆ ಏನಿಲ್ಲ. ವ್ಯಾನ್ ನಿಂದೇ," ಎಂದಳು. ಮನೆಗೆ ಹೊರಟಾಗ ಹಿಂದಿನ ಬಾಗಿಲು ತೆರೆದು, "ಇಲ್ಲೇ ಕೂತ್ಕೊಳ್ತೀನಿ. ನಿನ್ನ ಭುಜ ಆರಾಮಾಗಿರ್ಲಿ," ಎಂದಳು.

"ಆರಾಮ ಯಾರು ಕೇಳಿದ್ರೇ?" ಅಮ್ಮ ಗದರಿದಳು. "ಮುಂದೆ ಬಂದು ಕೂತ್ಕೋ."