ನೀಟ್ ಬೇಡ ಎಂದ ಏಜೆಂಟ

ಕುಷ್ಟಗಿಯ ಶಿವಲೀಲಾಗೆ ಡಾಕ್ಟರಾಗುವ ಆಸೆ. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದಿದ್ದವು, ನೀಟ್‌ನಲ್ಲಿ ಮಾತ್ರ ಅರ್ಹತೆ ಸಿಗಲಿಲ್ಲ. ಆಗಲೇ ಗಂಗಾವತಿಯ ಏಜೆಂಟನೊಬ್ಬ ಮನೆಗೆ ಬಂದ.

"ನೀಟ್ ಯಾಕ ಬೇಕ್ರಿ? ಫಾರಿನ್‌ದಾಗ ಸೀಟ್ ಕೊಡಸ್ತೀನಿ" ಎಂದು ಅವಳ ಪಾಸ್‌ಪೋರ್ಟ್, ಅಸಲು ಅಂಕಪಟ್ಟಿ ಎರಡನ್ನೂ ಒಯ್ದ.

ಯಾವ ಕಾಲೇಜು ಎಂದು ಕೇಳಿದಾಗಲೆಲ್ಲ ಬೇರೆ ಬೇರೆ ಹೆಸರು ಹೇಳುತ್ತಿದ್ದ. ಶಿವಲೀಲಾಗೆ ಊಟ ಸೇರದಾಯಿತು.

"ಅಪ್ಪಾ, ನನಗ್ಯಾಕೋ ಹೆದರಿಕಿ ಆಗ್ತೈತಿ."

"ಅವ್ರು ಎಷ್ಟೋ ಮಂದೀನ ಕಳಿಸ್ಯಾರ. ನಮಗೇನ್ ತಿಳೀತೈತಿ?" ಎಂದ ತಂದೆ ಕೊಟ್ರಪ್ಪ.

ಅದೇ ಓಣಿಯ ತಾಹೇರಾ ವಿದೇಶದಲ್ಲಿ ಎಂಬಿಬಿಎಸ್ ಓದಿ ಬಂದ ಡಾಕ್ಟರ್. ಸುದ್ದಿ ಕೇಳಿ ಮನೆಗೇ ಬಂದಳು.

"ಕಾಕಾ, ನೀಟ್ ಪಾಸಾಗಲಾರದ ಹೊರದೇಶದಾಗ ಓದಿದ್ರ ಇಲ್ಲಿ ಡಾಕ್ಟರಕಿ ಮಾಡಾಕ ಬರೂದಿಲ್ರಿ."

"ಹೋಗಿ ಬಂದ ಮ್ಯಾಲೆ ನೋಡೂಣ ತಗೋವಾ."

"ನನ್ನ ಗೆಳತಿಗೂ ಹಿಂಗ ಹೇಳಿದ್ರು. ಅಲ್ಲಿ ಹೋಗಿ ನೋಡಿದ್ರ ಪಾಠ ಎಲ್ಲಾ ಆ ದೇಶದ ಭಾಷಾದಾಗ. ವಾಪಸ್ ಬರಬೇಕಂದ್ರ ಪಾಸ್‌ಪೋರ್ಟ್ ಏಜೆಂಟನ ಮನುಷ್ಯಾನ ಕೈಯಾಗ. ಮನಿಗೆ ಫೋನ್ ಮಾಡಿದ್ರ ಆಕಿ ಬರೇ ಅಳೂದು."

ಕೊಟ್ರಪ್ಪ ಕೂಡಲೇ ಏಜೆಂಟನಿಗೆ ಫೋನ್ ಹಚ್ಚಿದ. ಸ್ವಿಚ್ ಆಫ್.

ಮೂವರೂ ಗಂಗಾವತಿಗೆ ಧಾವಿಸಿದರು. ಆಫೀಸಿನ ಶಟರ್ ಅರ್ಧ ಇಳಿದಿತ್ತು. ಪಾಸ್‌ಪೋರ್ಟ್, ಅಂಕಪಟ್ಟಿ ಕೇಳಿದರೆ ಒಳಗಿದ್ದ ಏಜೆಂಟ, "ಈಗ ವಾಪಸ್ ಕೊಡಾಕ ಬರೂದಿಲ್ಲ" ಎಂದು ಗದರಿಸಿದ.

ಶಿವಲೀಲಾ ಮುಂದೆ ಬಂದಳು.

"ಪಾಸ್‌ಪೋರ್ಟ್ ನಂದೈತಿ. ಕೊಡ್ರಿ. ಇಲ್ಲಾಂದ್ರ ಪೊಲೀಸ್ ಠಾಣೆಗೆ ಹೋಗ್ತೀವಿ."

ಅವನು ಗೊಣಗುತ್ತ ಮೇಜಿನ ಡ್ರಾಯರ್ ತೆರೆದ. ಒಳಗೆ ರಬ್ಬರ್ ಹಾಕಿ ಕಟ್ಟಿದ್ದ ಪಾಸ್‌ಪೋರ್ಟ್‌ಗಳ ಕಟ್ಟು. ಅದರಿಂದ ಅವಳದನ್ನು ಎಳೆದು, ಅಂಕಪಟ್ಟಿಯ ಜೊತೆ ಮೇಜಿನ ಮೇಲೆ ಎಸೆದ.

ಹೊರಗೆ ಬಂದ ಕೊಟ್ರಪ್ಪ ಬಸ್‌ಸ್ಟ್ಯಾಂಡಿನ ಕಡೆ ಹೋಗಲಿಲ್ಲ. "ಉಳಿದ ಪಾಸ್‌ಪೋರ್ಟ್ ಯಾರ ಮಕ್ಕಳವೋ ಏನೋ. ನಡೀರಿ, ಠಾಣೆಗೆ ಹೇಳೇ ಹೋಗೂಣ" ಎಂದ.

ಶಿವಲೀಲಾ ಈಗ ಮತ್ತೆ ನೀಟ್‌ಗೆ ಓದುತ್ತಿದ್ದಾಳೆ.

ತಂದೆತಾಯಂದಿರೇ, ಮಕ್ಕಳನ್ನು ಹೊರದೇಶದಲ್ಲಿ ಓದಿಸುವುದು ತಪ್ಪಲ್ಲ. ಮೊದಲು ನೀಟ್ ಅರ್ಹತೆ ಬರಲಿ. ಪಾಠವೆಲ್ಲ ಇಂಗ್ಲಿಷ್‌ನಲ್ಲೇ ಇದೆಯೇ, ಓದು ಐವತ್ತನಾಲ್ಕು ತಿಂಗಳಿಗೆ ಕಡಿಮೆಯಿಲ್ಲವೇ, ಅಲ್ಲೇ ಒಂದು ವರ್ಷ ಇಂಟರ್ನ್‌ಶಿಪ್ ಇದೆಯೇ, ಆ ದೇಶದಲ್ಲೂ ಡಾಕ್ಟರಾಗಿ ಕೆಲಸ ಮಾಡಲು ಪರವಾನಗಿ ಸಿಗುತ್ತದೆಯೇ ಎಂದು ಕಾಲೇಜನ್ನೇ ಕೇಳಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟಿನಲ್ಲಿ ಇಂದಿನ ನಿಯಮಗಳನ್ನು ಓದಿಸಿ ಕೇಳಿಕೊಳ್ಳಿ. ನಿಮ್ಮ ಮಗುವಿನ ಪಾಸ್‌ಪೋರ್ಟ್ ಈಗಾಗಲೇ ಇಂಥ ಏಜೆಂಟರ ಕೈಯಲ್ಲಿದ್ದರೆ, ಇಂದೇ ಹೋಗಿ ತನ್ನಿ.