ಪ್ರವಾಹದ ನಂತರದ ಮನೆಗಳು: ಒಂದು ಪದವಿ ಅರ್ಜಿ

೧

ಎಲ್ಲಿಂದ ಶುರು ಮಾಡಲಿ? ನನ್ನ ಗಂಡ ಸೋರೆನ್‌ನ ಅಂತ್ಯಕ್ರಿಯೆ ಮುಗಿದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆಯಿಂದ ಎಂದುಕೊಂಡೆ. ಮಂಗಳವಾರ. ಫ್ರಿಜ್ ತುಂಬ ಹಾಟ್‌ಡಿಷ್: ಸಾವಿನ ಮನೆಗೆ ನೆರೆಯವರು ಬೇಯಿಸಿ ತಂದುಕೊಡುವ ಆಲೂಗಡ್ಡೆ ತಟ್ಟೆಗಳು. ತಿಂಡಿಗೂ ಅದನ್ನೇ ತಿಂದೆ.

(ಕರುಣೆ ಹುಟ್ಟಿಸುವ ಆರಂಭ. ಓದುಗರೇ, ಹೊಡೆದುಹಾಕಿ.)

೧, ಮತ್ತೊಮ್ಮೆ

ಶುಕ್ರವಾರ ಮಧ್ಯಾಹ್ನದೊಳಗೆ ನನ್ನ ಅರ್ಜಿ ಸಮಿತಿಗೆ ಹೋಗಬೇಕು. ಮಿನೆಸೋಟದ ನಮ್ಮ ವಿಶ್ವವಿದ್ಯಾಲಯದಲ್ಲಿ, ಯಾವ ವಿಭಾಗಕ್ಕೂ ಸೇರದ ಪದವಿಯನ್ನು ವಿದ್ಯಾರ್ಥಿಯೇ ಕಟ್ಟಿಕೊಳ್ಳಬಹುದು. ಮೂರು ವಿಭಾಗಗಳ ಪ್ರಾಧ್ಯಾಪಕರು ಸಹಿ ಹಾಕಬೇಕು. ನನ್ನದು 'ಪ್ರವಾಹದ ನಂತರದ ಮನೆಗಳು': ಕಟ್ಟಡ, ಜನರ ನೆನಪು, ಮಣ್ಣು. ಎರಡು ಸಹಿ ಬಂದಿದ್ದವು, ಮಣ್ಣಿನದು ಬಾಕಿ.

೨

ಕಚೇರಿಯ ಮಾರ್ಲಿಸ್ ಕೆಂಪು ಪೆನ್ನು ಹಿಡಿದು ಕೂತಿದ್ದರು.

"ಬ್ರಿಟ್ಟಾ, ಹೋದ ವರ್ಷದ ಪಟ್ಟಿ ನೋಡ್ಕೊಂಡು ಬರ್ದಿದೀಯ ಕಣಮ್ಮ. ಈ ಮಣ್ಣಿನ ಕೋರ್ಸ್ ವರ್ಷ ಬಿಟ್ಟು ವರ್ಷ. ಮತ್ತೆ ಬರೋ ಹೊತ್ತಿಗೆ ನೀನು ಪದವಿ ಮುಗಿಸೋ ಗಡುವು ದಾಟಿರತ್ತೆ."

"ಹಾಗಾದ್ರೆ?"

"ನಿನಗೊಬ್ಬಳಿಗೇ ಪಾಠ ಮಾಡ್ತೀನಿ ಅಂತ ಮಣ್ಣು ವಿಭಾಗದ ಟ್ವೇಟ್ ಮೇಷ್ಟ್ರು ಸಹಿ ಹಾಕ್ಬೇಕು. ಇಲ್ಲಾಂದ್ರೆ ಇದನ್ನ ಬಿಟ್ಟು ಸಮಾಜಶಾಸ್ತ್ರದ ಮಾಮೂಲಿ ಪದವಿ ತಗೊಂಡು ಮುಗಿಸ್ಬಿಡು. ಈ ಪರಿಸ್ಥಿತೀಲಿ ಯಾರೂ ಏನೂ ಅನ್ನಲ್ಲ."

"ನಾನು ಅಂತೀನಿ."

೩

ಇಲ್ಲಿ ಸೋರೆನ್ ಅಡ್ಡ ಬಂದ. ಸತ್ತ ಪಾತ್ರಗಳಿಗೆ ಬಾಯಿ ಜಾಸ್ತಿ.

"ಒಂಚೂರು ಅತ್ತುಬಿಟ್ಟೆ ಅಂತ ಬರಿ. ಮೇಷ್ಟ್ರು ಕರಗ್ತಾರೆ."

"ಸುಮ್ನಿರು. ನೀನು ಸತ್ತಿದ್ದಕ್ಕೆ ಸಹಿ ಸಿಕ್ತು ಅಂತ ಆಗ್ಬಾರ್ದು."

(ಅಳುವ ಕರಡನ್ನೂ ಬರೆದಿದ್ದೆ. ಹರಿದೆ. ನಿಜದಲ್ಲೂ ಅಳು ಬಂದಿರಲಿಲ್ಲ.)

೪

ಟ್ವೇಟ್ ಅರ್ಜಿಯನ್ನು ಎರಡು ಸಲ ಓದಿದರು.

"ಮಣ್ಣು ತೆಗೆದ್ರೆ ಈ ಪದವಿ ಬಿದ್ದುಹೋಗತ್ತಾ?"

ಸಮಿತಿ ಕೇಳುವುದೂ ಇದನ್ನೇ.

"ಹೋಗತ್ತೆ. ನೀರು ಎಷ್ಟೆತ್ತರ ಬಂತು ಅಂತ ಕೇಳಿದ್ರೆ ಜನ ಸುಳ್ಳು ಹೇಳ್ತಾರೆ. ಗೋಡೆಗೆ ಬಣ್ಣ ಬಳೀತಾರೆ. ಮಣ್ಣಿಗೆ ಅವೆರಡೂ ಬರಲ್ಲ."

ಅವರು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. ಕಿಟಕಿಯಾಚೆ ನೋಡುತ್ತ ಹೇಳಿದರು: "ಪಾಠ ನದಿ ದಂಡೇಲಿ ಆಗ್ಬೇಕು. ಮಣ್ಣು ಕೊರೆಯೋ ನನ್ನ ಬೈರಿಗೆ ಇಲ್ಲ. ಮಾರ್ಚಲ್ಲಿ ಸೋರೆನ್ ನಗರಸಭೆ ಕೆಲಸಕ್ಕೆ ತಗೊಂಡೋದ. ನಿನ್ನ ಹತ್ರ ಕೇಳೋಕೆ... ಇರ್ಲಿ ಬಿಡು, ಅವಸರವೇನಿಲ್ಲ."

ನಮ್ಮ ಕಡೆ 'ಅವಸರವೇನಿಲ್ಲ' ಅಂದರೆ, ನಾಳೆಯೇ ತಾ.

೫

ಅಂತ್ಯ ಒಂದು: ಸಮಿತಿ ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ. (ಈ ಊರಲ್ಲಿ ಯಾರೂ ತಟ್ಟುವುದಿಲ್ಲ. 'ಪರವಾಗಿಲ್ಲ' ಎನ್ನುತ್ತಾರೆ.) ಅಂತ್ಯ ಎರಡು: ಸಮಾಜಶಾಸ್ತ್ರ. ಎರಡನ್ನೂ ಕೈಬಿಟ್ಟಿದ್ದೇನೆ.

ಶುಕ್ರವಾರ ಹನ್ನೊಂದಕ್ಕೆ ಬೈರಿಗೆಯನ್ನು ಟ್ವೇಟರ ಮೇಜಿನ ಮೇಲಿಟ್ಟೆ. ಅದರ ಕೊಳವೆಯೊಳಗೆ ಸೋರೆನ್ ಕೊನೆಯ ಸಲ ಕೊರೆದ ಮಣ್ಣು ಒಣಗಿ ಕೂತಿತ್ತು, ಒಂದು ಗೇಣು.

"ತೊಳೆದು ಕೊಡೋದು ಪದ್ಧತಿ," ಎಂದರು, ಮೆಲ್ಲಗೆ.

"ಗೊತ್ತು ಸರ್. ಮೊದಲ್ನೇ ಪಾಠ ಇದ್ರಿಂದ್ಲೇ ಶುರು ಮಾಡಿ."

ಅರ್ಜಿಯನ್ನು ಪಕ್ಕದಲ್ಲಿಟ್ಟೆ. ಅವರು ಮೊದಲು ಯಾವುದನ್ನು ಕೈಗೆತ್ತಿಕೊಂಡರು ಎಂದು ನಾನು ಬರೆಯುವುದಿಲ್ಲ.